ಪಟ್ಟಿ ಬದಲಾಗಬಹುದು, ಡೋಸ್ ಎಷ್ಟು?

2025ರ ಡಿಸೆಂಬರ್ 18ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ‘ಅಮೆರಿಕದಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ’ ಎಂಬ ಧಾಟಿಯಲ್ಲಿ ಆ ಸುದ್ದಿ ಹಲವು ಕಡೆ ಹರಿದಾಡಿತು. ಆದೇಶ ಹೇಳಿದ್ದು ಅದಲ್ಲ. ಗಾಂಜಾವನ್ನು ನಿಯಂತ್ರಿತ ವಸ್ತುಗಳ ಕಾಯ್ದೆಯ ಒಂದನೇ ಪಟ್ಟಿಯಿಂದ ತೆಗೆದು ಮೂರನೇ ಪಟ್ಟಿಗೆ ಸೇರಿಸುವ ಪ್ರಕ್ರಿಯೆಯನ್ನು ಬೇಗ ಮುಗಿಸಿ ಎಂದು ಅದು ಅಟಾರ್ನಿ ಜನರಲ್‌ಗೆ ಸೂಚಿಸಿತು, ಅಷ್ಟೆ. ಅಂಥ ಆದೇಶ ಹೊರಟ ಮಾತ್ರಕ್ಕೆ ಪಟ್ಟಿ ಬದಲಾಗಿಬಿಡುವುದಿಲ್ಲ. ಪಟ್ಟಿ ಬದಲಾದರೂ ಗಾಂಜಾ ಮುಕ್ತ ಮಾರಾಟದ ಸರಕಾಗುವುದಿಲ್ಲ.

ಇಂಥ ಸುದ್ದಿಗಳನ್ನು ಕೆಲವು ವರ್ಷಗಳಿಂದ ಬಿಡದೆ ಓದುತ್ತಿದ್ದೇನೆ. ಓದುವಾಗ ನನ್ನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ನಾಳೆ ಬೆಳಿಗ್ಗೆ ರೋಗಿಯ ಎದುರು ಕೂರುವ ವೈದ್ಯರಿಗೆ ಇದರಿಂದ ಏನು ಬದಲಾಗುತ್ತದೆ? ಷೇರುಪೇಟೆಯವರು, ವಕೀಲರು, ರಾಜಕಾರಣಿಗಳು ತಮತಮಗೆ ಬೇಕಾದ್ದನ್ನು ಆ ಸುದ್ದಿಯಿಂದ ಹೆಕ್ಕಿಕೊಳ್ಳುತ್ತಾರೆ. ವೈದ್ಯರಿಗೆ ಬೇಕಾದದ್ದು ಮಾತ್ರ ಬಹಳ ಸಲ ಅದರಲ್ಲಿ ಇರುವುದೇ ಇಲ್ಲ.

ಪಟ್ಟಿಯ ವಿಷಯವನ್ನೇ ಮೊದಲು ನೋಡೋಣ. ದುರ್ಬಳಕೆಯ ಸಾಧ್ಯತೆ ಹೆಚ್ಚು, ಒಪ್ಪಿತ ವೈದ್ಯಕೀಯ ಉಪಯೋಗ ಇಲ್ಲ, ವೈದ್ಯರ ನಿಗಾದಲ್ಲೂ ಸುರಕ್ಷಿತವಲ್ಲ ಎಂದು ಸರ್ಕಾರ ತೀರ್ಮಾನಿಸಿದ ವಸ್ತುಗಳು ಒಂದನೇ ಪಟ್ಟಿಯಲ್ಲಿವೆ. 1970ರ ಕಾಯ್ದೆ ಗಾಂಜಾವನ್ನು ಹೆರಾಯಿನ್, ಎಲ್‌ಎಸ್‌ಡಿಗಳ ಜೊತೆ ಅಲ್ಲಿಟ್ಟಿತು. ಮೂರನೇ ಪಟ್ಟಿಯಲ್ಲಿರುವುದು ಕೆಟಮಿನ್, ಟೆಸ್ಟೋಸ್ಟೆರಾನ್, ಕೋಡೀನ್ ಬೆರೆತ ಕೆಲವು ನೋವಿನ ಮಾತ್ರೆಗಳು. ಇದರಲ್ಲೊಂದು ವೈರುಧ್ಯ ಇದೆ, ಅದು ಔಷಧಶಾಸ್ತ್ರ ಓದಿದ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿಯನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಡ್ರೊನಾಬಿನಾಲ್ ಎಂಬ ಹೆಸರಿನಲ್ಲಿ 1985ರಿಂದಲೇ ಔಷಧವಾಗಿ ಮಾರಲಾಗುತ್ತಿದೆ. ಅದರ ಕ್ಯಾಪ್ಸೂಲ್ 1999ರಿಂದ ಮೂರನೇ ಪಟ್ಟಿಯಲ್ಲಿದೆ. 2025ರಲ್ಲಿ ಆದೇಶ ಹೊರಟಾಗಲೂ ಅದೇ ಅಣು ಗಿಡದಲ್ಲಿದ್ದರೆ ಒಂದನೆಯದು, ಕ್ಯಾಪ್ಸೂಲಿನಲ್ಲಿದ್ದರೆ ಮೂರನೆಯದು ಆಗಿತ್ತು.

ಈ ಬದಲಾವಣೆಯ ಮಾತು ಶುರುವಾದದ್ದು ಟ್ರಂಪ್ ಕಾಲದಲ್ಲಿ ಅಲ್ಲ. 2023ರ ಆಗಸ್ಟ್‌ನಲ್ಲಿ ಆರೋಗ್ಯ ಇಲಾಖೆ ಮೂರನೇ ಪಟ್ಟಿಗೆ ಶಿಫಾರಸು ಮಾಡಿತು. 2024ರ ಮೇನಲ್ಲಿ ನ್ಯಾಯ ಇಲಾಖೆ ಕರಡು ನಿಯಮ ಪ್ರಕಟಿಸಿತು. ಸಾರ್ವಜನಿಕರಿಂದ ಹತ್ತಾರು ಸಾವಿರ ಅಭಿಪ್ರಾಯಗಳು ಬಂದವು. 2025ರ ಜನವರಿಯಲ್ಲಿ ನಡೆಯಬೇಕಿದ್ದ ವಿಚಾರಣೆ ನಿಂತುಹೋಯಿತು. ಡಿಸೆಂಬರಿನ ಆದೇಶ ಆ ನಿಂತ ಬಂಡಿಯನ್ನು ಮತ್ತೆ ತಳ್ಳಿತು.

ಇದರ ಲಾಭ ಎಲ್ಲಕ್ಕಿಂತ ಮೊದಲು ತಲುಪುವುದು ಗಾಂಜಾ ಮಾರುವ ಕಂಪನಿಗಳಿಗೆ. ಅಮೆರಿಕದ ತೆರಿಗೆ ಸಂಹಿತೆಗೆ 1982ರಲ್ಲಿ ಸೇರಿದ 280ಇ ಎಂಬ ಸೆಕ್ಷನ್ ಪ್ರಕಾರ ಒಂದನೇ, ಎರಡನೇ ಪಟ್ಟಿಯ ವಸ್ತುಗಳನ್ನು ಮಾರುವವರು ಅಂಗಡಿಯ ಬಾಡಿಗೆ, ನೌಕರರ ಸಂಬಳ, ಜಾಹೀರಾತಿನಂಥ ಸಾಮಾನ್ಯ ಖರ್ಚನ್ನು ಆದಾಯದಿಂದ ಕಳೆಯುವಂತಿಲ್ಲ. ಮೂರನೇ ಪಟ್ಟಿಗೆ ಬಂದರೆ ಆ ಕಟ್ಟು ಬಿಚ್ಚುತ್ತದೆ. ಮಾರುಕಟ್ಟೆ ಈ ಸುದ್ದಿಗಾಗಿ ಅಷ್ಟು ಹಾತೊರೆದದ್ದು ಮುಖ್ಯವಾಗಿ ಇದಕ್ಕೆ. ಸಂಶೋಧಕರಿಗೂ ದಾರಿ ಸ್ವಲ್ಪ ಸಲೀಸಾಗುತ್ತದೆ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. 1968ರಿಂದ ದಶಕಗಳ ಕಾಲ ಅಮೆರಿಕದಲ್ಲಿ ಸಂಶೋಧನೆಗೆ ಬೇಕಾದ ಗಾಂಜಾ ಕಾನೂನಿನ ಪ್ರಕಾರ ಸಿಗುತ್ತಿದ್ದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಒಂದೇ ತೋಟದಿಂದ. ಬೇರೆ ಬೆಳೆಗಾರರಿಗೆ ಅನುಮತಿ ಸಿಕ್ಕಿದ್ದು 2021ರಲ್ಲಿ. ಜನ ಅಂಗಡಿಯಲ್ಲಿ ಕೊಳ್ಳುವ ಮಾಲು ಒಂದು, ವಿಜ್ಞಾನಿಗಳು ಪರೀಕ್ಷಿಸುವ ಮಾಲು ಇನ್ನೊಂದು ಎಂಬ ಸ್ಥಿತಿಯಲ್ಲಿ ಅಷ್ಟು ವರ್ಷ ಕಳೆದುಹೋದವು.

ವೈದ್ಯರಿಗೆ? ಮೂರನೇ ಪಟ್ಟಿಗೆ ಬಂದರೂ ವೈದ್ಯರೊಬ್ಬರು ಗಾಂಜಾ ಹೂವಿಗೆ ಚೀಟಿ ಬರೆದು ರೋಗಿಯನ್ನು ಮೆಡಿಕಲ್ ಶಾಪಿಗೆ ಕಳಿಸಲು ಆಗುವುದಿಲ್ಲ. ಅಲ್ಲಿನ ಔಷಧ ಆಡಳಿತವಾದ ಎಫ್‌ಡಿಎ ಆ ಹೂವನ್ನು ಔಷಧವೆಂದು ಅನುಮೋದಿಸಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ವೈದ್ಯಕೀಯ ಗಾಂಜಾಕ್ಕೆ ಮೊದಲ ಬಾಗಿಲು ತೆರೆದಾಗ, ಅದನ್ನು ಶಿಫಾರಸು ಮಾಡುವ ವೈದ್ಯರಿಂದ ನಿಯಂತ್ರಿತ ಔಷಧ ಬರೆಯುವ ಪರವಾನಗಿ ಕಿತ್ತುಕೊಳ್ಳುತ್ತೇವೆ ಎಂದು ಕೇಂದ್ರ ಸರ್ಕಾರ ಹೆದರಿಸಿತ್ತು. 2002ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ವೈದ್ಯರ ಪರ ನಿಂತಿತು. ರೋಗಿಗೆ ಗಾಂಜಾ ಒಳ್ಳೆಯದಾಗಬಹುದು ಎಂದು ಹೇಳುವುದು ವಾಕ್ ಸ್ವಾತಂತ್ರ್ಯ, ಅದಕ್ಕೆ ಶಿಕ್ಷೆ ಕೊಡುವಂತಿಲ್ಲ ಎಂದಿತು. ಹೀಗೆ ಹುಟ್ಟಿಕೊಂಡಿತು ಇಂದಿನ ವ್ಯವಸ್ಥೆ: ವೈದ್ಯರು ‘ಈ ವ್ಯಕ್ತಿಗೆ ಇಂಥ ಕಾಯಿಲೆ ಇದೆ’ ಎಂದು ದೃಢೀಕರಿಸುತ್ತಾರೆ, ರಾಜ್ಯ ಒಂದು ಕಾರ್ಡ್ ಕೊಡುತ್ತದೆ, ರೋಗಿ ಕಾರ್ಡ್ ಹಿಡಿದು ಪರವಾನಗಿ ಇರುವ ಗಾಂಜಾ ಅಂಗಡಿಗೆ ಹೋಗುತ್ತಾನೆ.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿಂದ ಮುಂದಿನದು. ಅಂಗಡಿಯಲ್ಲಿ ಏನು ಕೊಳ್ಳಬೇಕು, ಎಷ್ಟು ಮಿಲಿಗ್ರಾಂ, ಸೇದಬೇಕೋ ನಾಲಿಗೆಯಡಿ ಇಟ್ಟುಕೊಳ್ಳಬೇಕೋ ತಿನ್ನಬೇಕೋ, ದಿನಕ್ಕೆ ಎಷ್ಟು ಸಲ ಎಂಬುದನ್ನೆಲ್ಲ ಹೆಚ್ಚಿನ ಸಂದರ್ಭಗಳಲ್ಲಿ ತೀರ್ಮಾನಿಸುವವರು ರೋಗಿ ಮತ್ತು ಕೌಂಟರಿನ ಆಚೆ ನಿಂತ ಮಾರಾಟಗಾರ. ಆರೋಗ್ಯ ಇಲಾಖೆಯ ಪರಾಮರ್ಶೆಯೇ ಹೇಳುವಂತೆ ಅಮೆರಿಕದ 43 ಆಡಳಿತ ವ್ಯಾಪ್ತಿಗಳಲ್ಲಿ 30,000ಕ್ಕೂ ಹೆಚ್ಚು ವೈದ್ಯಕೀಯ ವೃತ್ತಿಪರರಿಗೆ ಶಿಫಾರಸಿನ ಅಧಿಕಾರವಿದೆ, ನೋಂದಾಯಿತ ರೋಗಿಗಳು 60 ಲಕ್ಷಕ್ಕೂ ಹೆಚ್ಚು. ಪ್ಯಾರಾಸಿಟಮಾಲ್‌ಗಾದರೂ ಎಷ್ಟು, ಯಾವಾಗ ಎಂದು ಬರೆದು ಸಹಿ ಹಾಕುವ ವೈದ್ಯರು ಇಲ್ಲಿ ಮಾತ್ರ ಪ್ರಮಾಣವಿಲ್ಲದ ಕಾಗದಕ್ಕೆ ಸಹಿ ಹಾಕುತ್ತಾರೆ. ಆ ಸಹಿಯೇ ಲಕ್ಷಾಂತರ ಜನರಿಗೆ ‘ಡಾಕ್ಟರ್ ಕೊಟ್ಟದ್ದು’ ಎಂಬ ಧೈರ್ಯ ತುಂಬುತ್ತದೆ. ವೈದ್ಯರ ತಪ್ಪು ಇದು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಹೊಣೆ ಕೊಟ್ಟು ಸಾಧನ ಕೊಡದೆ ಬಿಟ್ಟಿದ್ದಾರೆ.

ಡೋಸ್ ಗೊತ್ತಿದ್ದಾಗ ಚಿತ್ರ ಎಷ್ಟು ಬೇರೆ ಇರುತ್ತದೆ ಎಂಬುದಕ್ಕೆ ಎಪಿಡಿಯೊಲೆಕ್ಸ್ ಸಾಕು. ಗಾಂಜಾ ಗಿಡದಿಂದ ಶುದ್ಧೀಕರಿಸಿದ, ಮತ್ತೇರಿಸದ ಸಿಬಿಡಿ ಎಂಬ ಅಂಶದ ಈ ದ್ರವ ಔಷಧಕ್ಕೆ 2018ರ ಜೂನ್‌ನಲ್ಲಿ ಎಫ್‌ಡಿಎ ಅನುಮೋದನೆ ಸಿಕ್ಕಿತು. ಡ್ರಾವೆ ಸಿಂಡ್ರೋಮ್, ಲೆನಾಕ್ಸ್-ಗ್ಯಾಸ್ಟೊ ಸಿಂಡ್ರೋಮ್ ಎಂಬ, ಮಕ್ಕಳನ್ನು ಹಿಂಡುವ ಎರಡು ಭೀಕರ ಮೂರ್ಛೆರೋಗಗಳಿಗೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂನಿಂದ ಶುರುಮಾಡಿ ಹಂತಹಂತವಾಗಿ ಏರಿಸಬೇಕು. ಶುರುವಿಗೆ ಮೊದಲೊಮ್ಮೆ, ಮತ್ತೆ ಒಂದು, ಮೂರು, ಆರು ತಿಂಗಳಿಗೆ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಮೂರ್ಛೆರೋಗದ ಇನ್ನೊಂದು ಔಷಧವಾದ ವ್ಯಾಲ್ಪ್ರೊಯೇಟ್ ಜೊತೆ ಕೊಟ್ಟರೆ ಯಕೃತ್ತಿನ ಕಿಣ್ವಗಳು ಏರುವ ಸಂಭವ ಹೆಚ್ಚು. ಅಂಥದ್ದೇ ಕ್ಲೊಬಜಾಮ್ ಜೊತೆ ಕೊಟ್ಟರೆ ಅದರ ಸಕ್ರಿಯ ಉಪವಸ್ತು ರಕ್ತದಲ್ಲಿ ಹೆಚ್ಚಿ ಮಗು ತೂಕಡಿಸಬಹುದು. ಇಷ್ಟೆಲ್ಲ ಗೊತ್ತಾದದ್ದು ಯಾರೋ ಕೂತು ಸರಿಯಾಗಿ ಪರೀಕ್ಷೆ ನಡೆಸಿದ್ದರಿಂದ.

ಅದೇ ಸಿಬಿಡಿ ಎಣ್ಣೆಯ ಬಾಟಲಿಯಾಗಿ, ಜಗಿಯುವ ಮಿಠಾಯಿಯಾಗಿ ಅಂಗಡಿ ಕಪಾಟಿನಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಬಂದ ಅಧ್ಯಯನವೊಂದು ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿತ್ತು. ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆಯಾದವು 26 ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ವಾರ್ಫರಿನ್ ತೆಗೆದುಕೊಳ್ಳುವ ವೃದ್ಧರೊಬ್ಬರು ಮಂಡಿನೋವಿಗೆಂದು ಇಂಥ ಬಾಟಲಿ ತಂದಿಟ್ಟುಕೊಂಡರೆ ರಕ್ತ ತೆಳುವಾಗುವ ಪ್ರಮಾಣ ಏರುಪೇರಾಗಬಹುದು. ಅಂಗಾಂಗ ಕಸಿ ಮಾಡಿಸಿಕೊಂಡು, ದೇಹ ಅದನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿರುವವರಲ್ಲಿ ಅದರ ಮಟ್ಟ ಏರಬಹುದು. ‘ಇದು ಔಷಧ ಅಲ್ಲವಲ್ಲ, ಗಿಡಮೂಲಿಕೆ’ ಎಂದುಕೊಂಡು ಅವರು ಹೇಳುವುದೇ ಇಲ್ಲ. ಕೇಳಿದರೆ ಹೇಳುತ್ತಾರೆ.

ಈ ಕಪಾಟಿನ ಸರಕಿನ ವಿಷಯದಲ್ಲಿ ಅಮೆರಿಕದ ಕಾನೂನು ಒಂದೇ ಚಳಿಗಾಲದಲ್ಲಿ ಎರಡು ದಿಕ್ಕಿಗೆ ನಡೆದಿದೆ. 2018ರ ಕೃಷಿ ಕಾಯ್ದೆ, ಒಣ ತೂಕದಲ್ಲಿ, ಟಿಎಚ್‌ಸಿಯ ಮುಖ್ಯ ರೂಪವಾದ ಡೆಲ್ಟಾ-9 ಟಿಎಚ್‌ಸಿ 0.3 ಶೇಕಡಾ ಮೀರದ ಗಿಡವನ್ನು ಹೆಂಪ್ ಎಂದು ಕರೆದು ನಿಯಂತ್ರಣದಿಂದ ಬಿಟ್ಟುಬಿಟ್ಟಿತ್ತು. ನಾರಿಗೂ ಬೀಜಕ್ಕೂ ಬೆಳೆಯಲಿ ಎಂಬ ಲೆಕ್ಕಾಚಾರ ಅದು. ಮಾರುಕಟ್ಟೆ ಆ ವಾಕ್ಯವನ್ನು ಅಕ್ಷರಶಃ ಓದಿತು. ಡೆಲ್ಟಾ-9ಕ್ಕೆ ಮಿತಿ ಇದೆ, ಅದರ ಸೋದರ ಅಣುವಾದ ಡೆಲ್ಟಾ-8ಕ್ಕೆ ಇಲ್ಲ. ಹೆಂಪಿನ ಸಿಬಿಡಿಯನ್ನೇ ರಾಸಾಯನಿಕವಾಗಿ ಡೆಲ್ಟಾ-8 ಟಿಎಚ್‌ಸಿಗೆ ಮಾರ್ಪಡಿಸಿ ಮತ್ತೇರಿಸುವ ಮಿಠಾಯಿ ಮಾಡಿದರು. 0.3 ಶೇಕಡಾ ಎಂಬುದು ತೂಕದ ಲೆಕ್ಕವಾದ್ದರಿಂದ ಭಾರವಾದ ಪಾನೀಯದ ಡಬ್ಬಿಯಲ್ಲಿ ಹಲವು ಮಿಲಿಗ್ರಾಂ ಡೆಲ್ಟಾ-9 ಕೂಡ ಸಲೀಸಾಗಿ ಹಿಡಿಸಿತು. ವೈದ್ಯರ ಕಾರ್ಡ್ ಬೇಡ, ಗಾಂಜಾ ಅಂಗಡಿಯ ಪರವಾನಗಿ ಬೇಡ, ಪೆಟ್ರೋಲ್ ಬಂಕಿನಲ್ಲೂ ಸಿಗುವಂತಾಯಿತು.

2025ರ ನವೆಂಬರ್ 12ರಂದು, ಸರ್ಕಾರದ ದೀರ್ಘ ಸ್ಥಗಿತವನ್ನು ಮುಗಿಸಿದ ಹಣಕಾಸು ಮಸೂದೆಯ ಒಳಗೇ ಇದಕ್ಕೆ ಕಡಿವಾಣ ಬಂತು. ಇನ್ನು ಲೆಕ್ಕ ಒಟ್ಟು ಟಿಎಚ್‌ಸಿಯದು. ಗಿಡದ ಹೊರಗೆ ತಯಾರಿಸಿದ ಕ್ಯಾನಬಿನಾಯ್ಡ್‌ಗಳು, ಅಂದರೆ ಟಿಎಚ್‌ಸಿ, ಸಿಬಿಡಿಯಂಥ ಅಣುಗಳು, ಹೆಂಪ್ ಎನಿಸಿಕೊಳ್ಳುವಂತಿಲ್ಲ. ಬಳಕೆದಾರರಿಗೆ ಮಾರುವ ಒಂದು ಡಬ್ಬಿಯಲ್ಲಿ ಒಟ್ಟು 0.4 ಮಿಲಿಗ್ರಾಂ ಮೀರುವಂತಿಲ್ಲ. ಜಾರಿಗೆ ಒಂದು ವರ್ಷದ ಗಡುವು. ಈ 0.4 ಎಷ್ಟು ಚಿಕ್ಕದೆಂದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2021ರಲ್ಲಿ ಸಂಶೋಧನೆಗೆಂದು ಗೊತ್ತುಮಾಡಿದ ಒಂದು ಪ್ರಮಾಣಿತ ಟಿಎಚ್‌ಸಿ ಯೂನಿಟ್ 5 ಮಿಲಿಗ್ರಾಂ. ಮತ್ತೇರಿಸದ ಸಿಬಿಡಿ ಎಣ್ಣೆಗಳಲ್ಲೂ ಹಲವು ಈ ಮಿತಿಗೆ ಸಿಕ್ಕಿಬೀಳುತ್ತವೆ. ತಿಂಗಳು ಕಳೆದ ಮೇಲೆ ಬಂದ ಅಧ್ಯಕ್ಷರ ಆದೇಶವೋ, ಗಿಡದ ಇತರ ಅಂಶಗಳೂ ಉಳಿದಿರುವ ಸೂಕ್ತವಾದ ‘ಪೂರ್ಣ ಸಾರದ’ ಸಿಬಿಡಿ ಜನರಿಗೆ ಸಿಗುವಂತೆ ಅದೇ ವ್ಯಾಖ್ಯೆಯನ್ನು ತಿದ್ದಲು ಸಂಸತ್ತಿನ ಜೊತೆ ಕೆಲಸ ಮಾಡಿ ಎನ್ನುತ್ತದೆ. ಈ ನಡುವೆ ಪ್ರತಿರಾತ್ರಿ ನಿದ್ದೆಗೆಂದು ಡೆಲ್ಟಾ-8 ಮಿಠಾಯಿ ತಿನ್ನುತ್ತಿರುವವರು ಇದ್ದಾರೆ. ಕಪಾಟು ಖಾಲಿಯಾದರೆ ಅವರು ಯಾವುದಕ್ಕೆ ತಿರುಗುತ್ತಾರೆ? ಪ್ರಬಲವಾದ ಗಾಂಜಾಕ್ಕೋ, ಮದ್ಯಕ್ಕೋ, ನಿದ್ದೆ ಮಾತ್ರೆಗೋ? ಈ ಪ್ರಶ್ನೆ ಕೇಳಬೇಕಾದವರು ಅವರ ಕುಟುಂಬ ವೈದ್ಯರು. ಮಸೂದೆಯಲ್ಲಿ ಅವರ ಪ್ರಸ್ತಾಪವೇ ಇಲ್ಲ.

ವೈದ್ಯರ ಸಹಿ ಮಾರುಕಟ್ಟೆಯ ಕೀಲಿಕೈ ಆಗಿಬಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಅಮೆರಿಕದಿಂದ ಸ್ವಲ್ಪ ಹೊರಗೆ ಬರಬೇಕು. ಜರ್ಮನಿಯಲ್ಲಿ 2017ರಿಂದ ವೈದ್ಯರು ಗಾಂಜಾ ಬರೆದುಕೊಡಬಹುದು. 2024ರ ಏಪ್ರಿಲ್ 1ರಂದು ಅದು ಮಾದಕ ವಸ್ತುಗಳ ಪಟ್ಟಿಯಿಂದ ಹೊರಬಂದು ಸಾಮಾನ್ಯ ಚೀಟಿಯ ಔಷಧವಾಯಿತು. ವೆಬ್‌ಸೈಟಿನಲ್ಲಿ ಪ್ರಶ್ನಾವಳಿ ತುಂಬಿದರೆ ಚೀಟಿ, ಅಂಚೆಯಲ್ಲಿ ಹೂವು ಎಂಬ ವ್ಯಾಪಾರ ಬೆಳೆಯಿತು. 2024ರ ಮೊದಲಾರ್ಧದಲ್ಲಿ ಸುಮಾರು 19 ಟನ್ ಇದ್ದ ಆಮದು 2025ರ ಮೊದಲಾರ್ಧಕ್ಕೆ ಸುಮಾರು 80 ಟನ್ ಆಯಿತು. ಅದೇ ಅವಧಿಯಲ್ಲಿ ಸಾರ್ವಜನಿಕ ಆರೋಗ್ಯ ವಿಮೆಯ ಮೂಲಕ ಹೋದ ಚೀಟಿಗಳು ಹೆಚ್ಚಿದ್ದು ಒಂದಂಕಿ ಶೇಕಡಾ ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ. ಆರೋಗ್ಯ ಸಚಿವೆ ನೀನಾ ವಾರ್ಕೆನ್ ತಂದ ತಿದ್ದುಪಡಿಗೆ 2025ರ ಅಕ್ಟೋಬರಿನಲ್ಲಿ ಸಂಪುಟ ಒಪ್ಪಿತು: ಮೊದಲ ಚೀಟಿಗೆ ವೈದ್ಯರನ್ನು ಮುಖಾಮುಖಿ ಕಾಣಬೇಕು, ಹೂವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ.

ಆಸ್ಟ್ರೇಲಿಯಾದಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಸಂಸ್ಥೆ 2025ರ ಜುಲೈನಲ್ಲಿ ಕಟುವಾದ ಎಚ್ಚರಿಕೆ ಕೊಟ್ಟಿತು. ಎಂಟು ಮಂದಿ ವೃತ್ತಿಪರರು ಆರು ತಿಂಗಳಲ್ಲಿ ತಲಾ 10,000ಕ್ಕೂ ಹೆಚ್ಚು ಗಾಂಜಾ ಚೀಟಿ ಬರೆದಿದ್ದರು, ಒಬ್ಬರು 17,000 ದಾಟಿದ್ದರು. ಆರು ತಿಂಗಳಿಗೆ 17,000 ಎಂದರೆ ಒಂದು ದಿನವೂ ರಜೆಯಿಲ್ಲದೆ ದಿನಕ್ಕೆ ತೊಂಬತ್ತಕ್ಕೂ ಮೇಲೆ. ರೋಗಿಯ ಮಾತು ಕೇಳಿಸಿಕೊಳ್ಳಲು ಅದರಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ಥಾಯ್ಲೆಂಡ್ ಇನ್ನೊಂದು ತುದಿಯಿಂದ ಇಲ್ಲಿಗೇ ಬಂದಿದೆ. 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು, ಬೀದಿಬೀದಿಗೆ ಅಂಗಡಿ ತೆರೆದವು, ಮೂರು ವರ್ಷಕ್ಕೆ ಸರಿಯಾಗಿ 2025ರ ಜೂನ್‌ನಲ್ಲಿ ಹೂವು ಕೊಳ್ಳಲು ವೈದ್ಯರ ಚೀಟಿ ಬೇಕು ಎಂದಿತು. ರಾಜಕೀಯಕ್ಕೆ ದಾರಿ ಕಾಣದಾದಾಗಲೆಲ್ಲ ಹೊಣೆ ಬಂದು ಕೂರುವುದು ವೈದ್ಯರ ಮೇಜಿನ ಮೇಲೆ.

ಹಾಗೆಂದು ಇದರಲ್ಲಿ ಔಷಧವೇ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಕೀಮೋಥೆರಪಿಯ ವಾಕರಿಕೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಬಿಗಿತ, ವಯಸ್ಕರ ದೀರ್ಘಕಾಲದ ನೋವು ಇವುಗಳಿಗೆ ಆಧಾರವಿದೆ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲೇ ವರದಿ ಕೊಟ್ಟಿದ್ದವು. 2025ರಲ್ಲಿ ನೇಚರ್ ಮೆಡಿಸಿನ್ ಪ್ರಕಟಿಸಿದ ಒಂದು ಅಧ್ಯಯನವಂತೂ ನನಗೆ ಆ ವರ್ಷದ ನಿಜವಾದ ಗಾಂಜಾ ಸುದ್ದಿ. ವರ್ಟಾನಿಕಲ್ ಎಂಬ ಜರ್ಮನ್ ಕಂಪನಿ ವಿಇಆರ್-01 ಎಂಬ ಪೂರ್ಣ ಸಾರದ ಔಷಧವನ್ನು ದೀರ್ಘಕಾಲದ ಸೊಂಟನೋವಿರುವ 820 ಮಂದಿಯ ಮೇಲೆ ಮೂರನೇ ಹಂತದ ಪರೀಕ್ಷೆಗೆ ಒಡ್ಡಿತು. ಔಷಧ ಪಡೆದವರ ನೋವಿನ ಅಂಕ ಸರಾಸರಿ 1.9 ಇಳಿಯಿತು, ಹುಸಿಮದ್ದಿಗಿಂತ 0.6 ಹೆಚ್ಚು. ದೊಡ್ಡ ಅಂತರವಲ್ಲ. ಆದರೆ ಸೊಂಟನೋವಿಗೆ ನಮ್ಮ ಕೈಯಲ್ಲಿರುವ ಬೇರೆ ಮಾತ್ರೆಗಳ ಅಂತರವೂ ದೊಡ್ಡದೇನಲ್ಲ, ಮತ್ತು ಅಫೀಮಿನ ಜಾತಿಯ ನೋವುನಿವಾರಕಗಳಾದ ಓಪಿಯಾಯ್ಡ್‌ಗಳು ತಂದಿಟ್ಟ ದುರಂತ ಕಣ್ಣೆದುರಿಗಿದೆ. ಯಾವ ಗಿಡ, ಯಾವ ಸಾರ, ಎಷ್ಟು ಪ್ರಮಾಣ, ಎಷ್ಟು ವಾರ ಎಂದು ಹೇಳಬಲ್ಲ ಒಂದು ಅಧ್ಯಯನ ಎಷ್ಟೋ ಭಾಷಣಗಳಿಗಿಂತ ಮೇಲು.

ಮಾರುಕಟ್ಟೆ ಹೋಗುತ್ತಿರುವ ದಿಕ್ಕು ಅದಲ್ಲ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ 4 ಶೇಕಡಾ ಇತ್ತು, 2014ಕ್ಕೆ 12 ಆಯಿತು. ಇಂದು ಅಂಗಡಿಗಳಲ್ಲಿ ಸಿಗುವ ಸಾಂದ್ರ ಸಾರಗಳಲ್ಲಿ 60ರಿಂದ 90ರವರೆಗೆ ಇರುತ್ತದೆ. ಹಳೆಯ ಅಧ್ಯಯನಗಳು ಯಾವ ವಸ್ತುವನ್ನು ಪರೀಕ್ಷಿಸಿದ್ದವೋ ಅದು ಇದಲ್ಲ. ವಯಸ್ಕರಿಗೆ ಮುಕ್ತ ಮಾರಾಟ ಇರುವ ರಾಜ್ಯಗಳಲ್ಲಿ ಹಲವರು ಕಾರ್ಡ್ ನವೀಕರಿಸುವುದನ್ನೇ ಬಿಡುತ್ತಾರೆ. ಕಾರ್ಡಿಲ್ಲದೆ ಸಿಗುವಾಗ ಅದರ ಶುಲ್ಕ ಯಾಕೆ? ಅವರು ನೋವಿಗೇ ತೆಗೆದುಕೊಳ್ಳುತ್ತಿರುತ್ತಾರೆ, ಆದರೆ ವರ್ಷಕ್ಕೊಮ್ಮೆಯಾದರೂ ವೈದ್ಯರನ್ನು ಕಾಣಲು ಇದ್ದ ಒಂದು ನೆಪವೂ ಹೋಯಿತು.

ಪರಿಣಾಮ ಕಾಣುವುದು ತುರ್ತು ಚಿಕಿತ್ಸಾ ಘಟಕಗಳಲ್ಲಿ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ, ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ 207 ಪ್ರಕರಣಗಳು 2017ರಲ್ಲಿ ವರದಿಯಾಗಿದ್ದವು. 2021ರಲ್ಲಿ 3,054. ಮಗುವಿನ ಕಣ್ಣಿಗೆ ಅದು ಮಿಠಾಯಿಯೇ. ವರ್ಷಗಟ್ಟಲೆ ದಿನವೂ ಬಳಸಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿ ಬರುತ್ತದೆ. ಬಿಸಿನೀರಿನ ಸ್ನಾನ ಮಾಡುತ್ತಿರುವಷ್ಟು ಹೊತ್ತು ಹಾಯೆನಿಸುತ್ತದೆ, ಸಾಮಾನ್ಯ ವಾಂತಿ ಔಷಧ ಬಹಳ ಸಲ ನಾಟುವುದಿಲ್ಲ. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದ ಈ ತೊಂದರೆಗೆ ಅಮೆರಿಕದ ರೋಗ ಸಂಕೇತ ಪಟ್ಟಿಯಲ್ಲಿ 2025ರ ಅಕ್ಟೋಬರ್ 1ರಿಂದ ಆರ್11.16 ಎಂಬ ಸ್ವಂತ ಸಂಖ್ಯೆ ಬಂದಿದೆ. ಯಾವ ಪತ್ರಿಕೆಯ ಮುಖಪುಟಕ್ಕೂ ಬರುವ ಸುದ್ದಿಯಲ್ಲ. ಆದರೆ ಇಷ್ಟು ದಿನ ‘ವಾಂತಿ’ ಎಂದಷ್ಟೇ ದಾಖಲಾಗಿ ಕಳೆದುಹೋಗುತ್ತಿದ್ದ ರೋಗಿಗಳನ್ನು ಇನ್ನು ಎಣಿಸಬಹುದು. ವಾಕರಿಕೆಗೆ ಗಾಂಜಾ ಒಳ್ಳೆಯದೆಂದು ಕೇಳಿ ಇನ್ನಷ್ಟು ಸೇದಿ ಇನ್ನಷ್ಟು ಬಳಲುವವರು ಇವರಲ್ಲಿದ್ದಾರೆ.

ಮನಸ್ಸಿನ ಆರೋಗ್ಯದ ಮಾತು ಬಂದಾಗ ಎರಡೂ ಕಡೆಯವರು ಅಂಕಿಗಳನ್ನು ತಮ್ಮ ಕಡೆಗೆ ಎಳೆಯುತ್ತಾರೆ, ಅದಕ್ಕೇ ನಿಧಾನವಾಗಿ ಓದಬೇಕು. ಕೆನಡಾದ ಒಂಟಾರಿಯೋದಲ್ಲಿ 1.36 ಕೋಟಿ ಜನರ ದಾಖಲೆ ಆಧರಿಸಿ 2025ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೊಸ ಸ್ಕಿಜೋಫ್ರೇನಿಯಾ ಪ್ರಕರಣಗಳಲ್ಲಿ ಗಾಂಜಾ ವ್ಯಸನದ ಜೊತೆ ತಳುಕು ಹಾಕಿಕೊಂಡಿದ್ದ ಪಾಲು, ನಿಯಂತ್ರಣ ಸಡಿಲವಾಗುವ ಮೊದಲು 3.7 ಶೇಕಡಾ ಇದ್ದದ್ದು ಮುಕ್ತ ಮಾರಾಟದ ನಂತರ 10.3ಕ್ಕೆ ಏರಿತ್ತು. ಒಟ್ಟಾರೆ ಸ್ಕಿಜೋಫ್ರೇನಿಯಾ ಪ್ರಮಾಣ ಹಾಗೆ ಏರಿರಲಿಲ್ಲ. ಒಂದು ಇನ್ನೊಂದಕ್ಕೆ ಕಾರಣ ಎಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ಮನೆಯಲ್ಲಿ ಇಂಥ ಕಾಯಿಲೆಯ ಇತಿಹಾಸವಿರುವ ಹದಿಹರೆಯದವರ ಎದುರು ಕೂತಾಗ ನಾನಂತೂ ಈ ಅಂಕಿಯನ್ನು ಮರೆಯಲಾರೆ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮಾತ್ರ ಕೆಲಸ ಈಗಾಗಲೇ ಸ್ಪಷ್ಟವಾಗಿದೆ. ಅಮೆರಿಕದ ಪ್ರಾದೇಶಿಕ ಅರಿವಳಿಕೆ ತಜ್ಞರ ಸಂಘವಾದ ಎಎಸ್‌ಆರ್‌ಎ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಅರಿವಳಿಕೆಗೆ ಮೊದಲು ಪ್ರತಿಯೊಬ್ಬ ರೋಗಿಯನ್ನೂ ಗಾಂಜಾ ಬಳಕೆಯ ಬಗ್ಗೆ ಕೇಳಬೇಕು: ಯಾವ ಬಗೆ, ಎಷ್ಟು, ಎಷ್ಟು ಸಲ, ಕೊನೆಯ ಸಲ ಯಾವಾಗ. ಸೇದಿದ ಮೇಲೆ ಹೃದಯಾಘಾತದ ಅಪಾಯ ಹೆಚ್ಚಿರುವುದರಿಂದ, ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕನಿಷ್ಠ ಎರಡು ಗಂಟೆ ಮುಂದೂಡಬೇಕು. ಪಟ್ಟಿ ಒಂದಿರಲಿ ಮೂರಿರಲಿ, ಈ ಎರಡು ಗಂಟೆಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ರೋಗಿ ನಿಜ ಹೇಳುವಷ್ಟು ನಿರ್ಭಯವಾಗಿರಬೇಕು, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಮಿಲಿಗ್ರಾಂ ಸಮೇತ ಬರೆದುಕೊಳ್ಳುವ ಒಬ್ಬರು ಎದುರಿಗಿರಬೇಕು.